ಕವಿತೆಗೆ ಅಂಕ ಕೊಡುವುದು ಸರಿಯೇ?

ಕೊಪ್ಪಳದಲ್ಲಿ ನಾವು ಕೆಲವು ಗೆಳೆಯರು ಸೇರಿ ನಡೆಸುವ ಪೊಯಟ್ರಿ ಸ್ಲ್ಯಾಮ್ (ಸಭಿಕರೇ ಅಂಕ ಕೊಡುವ ಕವಿತಾವಾಚನದ ಸ್ಪರ್ಧೆ) ಹಬ್ಬದ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ಕವಿತೆಗೆ ಅಂಕ ಕೊಡುವುದು ಸರಿಯೇ? ಕಾಲೇಜುಗಳ ಕನ್ನಡ ಅಧ್ಯಾಪಕರು ಇದನ್ನು ಬೇಸರದಿಂದ ಕೇಳುತ್ತಾರೆ, ಹಿರಿಯ ಕವಿಗಳು ಸಿಟ್ಟಿನಿಂದ ಕೇಳುತ್ತಾರೆ, ಮಕ್ಕಳನ್ನು ಕಳಿಸುವ ತಂದೆತಾಯಿಗಳು ಪ್ರಮಾಣಪತ್ರ ಸಿಗುತ್ತದೆಯೇ ಎಂಬ ಉಪಪ್ರಶ್ನೆಯನ್ನೂ ಸೇರಿಸಿ ಕೇಳುತ್ತಾರೆ. ಪ್ರಮಾಣಪತ್ರ ಸಿಗುವುದಿಲ್ಲ. ಉಳಿದದ್ದಕ್ಕೆ ನನ್ನ ಉತ್ತರವಿದು: ಅಂಕದ ಕಟ್ಟುಪಾಡು ಬೀಳುವುದು ಓದುವ ಕವಿಗಿಂತ ಹೆಚ್ಚಾಗಿ ಕೇಳಲು ಕುಳಿತವರ ಮೇಲೆ, ಆದ್ದರಿಂದ ಅದು ಸರಿ, ಆದರೆ ಅಂಕವೊಂದನ್ನೇ ನೆಚ್ಚಿಕೊಂಡರೆ ಸ್ಲ್ಯಾಮ್ ಬೇಗ ಕೆಡುತ್ತದೆ, ಆದ್ದರಿಂದ ಬೆಳಗಿನ ಕಮ್ಮಟವೂ ರಾತ್ರಿಯ ಅಂಕರಹಿತ ಪ್ರದರ್ಶನವೂ ಇಲ್ಲದೆ ಅದನ್ನು ನಡೆಸಬಾರದು.

ಸ್ಲ್ಯಾಮ್ ಹುಟ್ಟಿದ್ದು ಅಮೆರಿಕದ ಶಿಕಾಗೋ ನಗರದಲ್ಲಿ. ಕಟ್ಟಡ ಕಾಮಗಾರಿಯಲ್ಲಿ ದುಡಿದಿದ್ದ ಮಾರ್ಕ್ ಸ್ಮಿತ್ ಎಂಬ ಕವಿ, ಕಾವ್ಯವಾಚನವೆಂಬುದು ಕವಿಗಳು ತಮ್ಮತಮ್ಮಲ್ಲೇ ಓದಿಕೊಳ್ಳುವ ನೀರಸ ಸಭೆಯಾಗಿದೆ ಎಂದು ಬೇಸತ್ತು, 1986ರ ಜುಲೈನಲ್ಲಿ ಗ್ರೀನ್ ಮಿಲ್ ಎಂಬ ಹಳೆಯ ಜಾಝ್ ಕ್ಲಬ್ಬಿನಲ್ಲಿ ಇದನ್ನು ವಾರದ ಕಾರ್ಯಕ್ರಮವಾಗಿ ಆರಂಭಿಸಿದರು. 1990ರ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊದಲ ರಾಷ್ಟ್ರಮಟ್ಟದ ಸ್ಪರ್ಧೆಯೂ ನಡೆಯಿತು. ಅಲ್ಲಿ ರೂಢಿಯಾದ ನಿಯಮಗಳನ್ನೇ ನಾವೂ ಬಹುಮಟ್ಟಿಗೆ ಪಾಲಿಸುತ್ತೇವೆ. ಕವಿತೆ ಸ್ವಂತದ್ದಾಗಿರಬೇಕು, ಮೂರು ನಿಮಿಷದಲ್ಲಿ ಮುಗಿಯಬೇಕು, ವೇಷ, ವಾದ್ಯ, ಕೈಯಲ್ಲಿ ಹಿಡಿದು ತೋರಿಸುವ ವಸ್ತು ಯಾವುದೂ ಕೂಡದು. ಸಭಿಕರಲ್ಲೇ ಆರಿಸಿದ ಐವರು ಸೊನ್ನೆಯಿಂದ ಹತ್ತರವರೆಗೆ, ಒಂದು ದಶಮಾಂಶದೊಂದಿಗೆ, ಅಂಕ ಬರೆದು ಪಾಟಿ ಎತ್ತಿ ಹಿಡಿಯುತ್ತಾರೆ. ಎಲ್ಲಕ್ಕಿಂತ ಹೆಚ್ಚಿನದನ್ನೂ ಎಲ್ಲಕ್ಕಿಂತ ಕಡಿಮೆಯದನ್ನೂ ಬಿಟ್ಟು ಉಳಿದ ಮೂರನ್ನು ಕೂಡಿಸುವುದರಿಂದ ಪೂರ್ಣಾಂಕ 30 ಆಗುತ್ತದೆ. ಸಮಯಕ್ಕೆ ಹತ್ತು ಸೆಕೆಂಡಿನ ರಿಯಾಯಿತಿ ಉಂಟು, ಅದನ್ನೂ ದಾಟಿದವರಿಗೆ ಪ್ರತಿ ಹತ್ತು ಸೆಕೆಂಡಿಗೆ ಅರ್ಧ ಅಂಕ ಕಡಿತವಾಗುತ್ತದೆ.

ಈ ನಿಯಮಗಳಲ್ಲಿ ನಮ್ಮ ಭಾಗಕ್ಕೆ ಅತ್ಯಂತ ಹೊಸದು ಅಂಕವಲ್ಲ, ಮೂರು ನಿಮಿಷ. ನಮ್ಮ ಕವಿಗೋಷ್ಠಿಗಳ ರೀತಿ ಎಲ್ಲರಿಗೂ ಗೊತ್ತಿರುವಂಥದ್ದೇ. ಆಮಂತ್ರಣ ಪತ್ರಿಕೆಯಲ್ಲಿ ನಲವತ್ತು ಹೆಸರು ಅಚ್ಚಾಗಿರುತ್ತವೆ, ಉದ್ಘಾಟನೆ, ಆಶಯ ನುಡಿ, ಮುಖ್ಯ ಅತಿಥಿಗಳ ಮಾತು, ಸನ್ಮಾನ ಎಲ್ಲ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ, ಆಮೇಲೆ ಒಬ್ಬೊಬ್ಬ ಕವಿಯೂ ಓದಿ, ಶಾಲು ಹೊದ್ದು, ಬಸ್ಸಿನ ನೆಪ ಹೇಳಿ ಹೊರಟುಬಿಡುತ್ತಾನೆ. ಕೊನೆಯ ಐದು ಕವಿಗಳು ಓದುವುದು ಅಧ್ಯಕ್ಷರಿಗೆ ಮತ್ತು ಮೈಕಿನವನಿಗೆ. ಅಲ್ಲಿ ಚಪ್ಪಾಳೆಯೂ ಒಂದು ಶಿಷ್ಟಾಚಾರ. ಕವಿತೆ ಹೇಗಿದ್ದರೂ ಅದೇ ಚಪ್ಪಾಳೆ ಬೀಳುವುದರಿಂದ ಕೇಳದಿದ್ದರೂ ನಡೆಯುತ್ತದೆ. ಇದಕ್ಕೆ ಬದಲಾಗಿ, ಐವರ ಕೈಗೆ ಪಾಟಿ ಬಳಪ ಕೊಟ್ಟು ಕೂರಿಸಿ ನೋಡಬೇಕು. ಆ ಐವರು ಫೋನನ್ನು ಜೇಬಿಗೆ ಹಾಕುತ್ತಾರೆ. ಅವರ ಪಕ್ಕದಲ್ಲಿ ಕುಳಿತವರು, ತಾವೇನೂ ಅಂಕ ಕೊಡಬೇಕಿಲ್ಲದಿದ್ದರೂ, ಮನಸ್ಸಿನಲ್ಲೇ ಒಂದು ಅಂಕ ಹಾಕಿಟ್ಟುಕೊಂಡು, ಪಾಟಿ ಮೇಲೆದ್ದಾಗ ತಮ್ಮ ಅಂದಾಜಿನೊಂದಿಗೆ ಹೋಲಿಸಿ, ಒಪ್ಪದಿದ್ದರೆ ಕೂಗುತ್ತಾರೆ. ಜಾತ್ರೆಯ ಕುಸ್ತಿ ಕಣದ ಸುತ್ತ ನಿಂತವರು ಪಟ್ಟು ಪಟ್ಟಿಗೂ ತಾವೇ ತೀರ್ಪು ಕೊಡುತ್ತ ನೋಡುವಂತೆಯೇ ಇಲ್ಲೂ ಇಡೀ ಸಭೆ ಎಚ್ಚರವಾಗಿರುತ್ತದೆ. ಕವಿಗೆ ಬೇಕಾದದ್ದು ಈ ಎಚ್ಚರ.

ಕಾವ್ಯದ ಅಭ್ಯಾಸವಿಲ್ಲದವರು ಅಂಕ ಕೊಡುವುದು ಹೇಗೆ ಎಂಬ ಆಕ್ಷೇಪ ಇದರ ಬೆನ್ನಿಗೇ ಬರುತ್ತದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ಪ್ರದೇಶವನ್ನು ಗುರುತಿಸುವಾಗ ಹೇಳುವ ನಾಲ್ಕು ಊರುಗಳಲ್ಲಿ ಕೊಪಣ, ಅಂದರೆ ನಮ್ಮ ಈ ಕೊಪ್ಪಳವೂ ಒಂದು. ಅದೇ ಗ್ರಂಥವು ಕನ್ನಡ ನಾಡಿನವರು ಉದ್ದೇಶವಿಟ್ಟು ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರು ಎನ್ನುತ್ತದೆ. ವೇದಿಕೆಯ ಭಾಷಣಗಳಲ್ಲಿ ಸವೆದು ಹೋಗಿರುವ ಮಾತು ಇದು, ನಿಜ. ಆದರೆ ಆ ಮಾತನ್ನು ಪ್ರತಿ ನವೆಂಬರಿನಲ್ಲಿ ಎದೆಯುಬ್ಬಿಸಿ ಹೇಳುವವರೇ ತರಕಾರಿ ಮಾರುವ ಹೆಣ್ಣುಮಗಳೊಬ್ಬಳು ಕವಿತೆಗೆ 6.5 ಬರೆದರೆ ಮುಖ ಸಿಂಡರಿಸುವುದು ನನಗೆ ಸೋಜಿಗ. ಗೀಗೀ ಪದದ ಹರದೇಶಿ ಮೇಳ ಗಂಡು ಹೆಚ್ಚೆಂದು ಹಾಡಿ, ನಾಗೇಶಿ ಮೇಳ ಹೆಣ್ಣು ಹೆಚ್ಚೆಂದು ಹಾಡಿ, ಒಬ್ಬರ ಸವಾಲಿಗೆ ಇನ್ನೊಬ್ಬರು ಬೆಳಗಿನವರೆಗೆ ಜವಾಬು ಕೊಡುವಾಗ ಯಾರು ಸೋತರು ಯಾರು ಗೆದ್ದರು ಎಂದು ತೀರ್ಮಾನಿಸುತ್ತಿದ್ದವರು ಪಂಡಿತರಲ್ಲ, ಕಂಬಳಿ ಹೊದ್ದು ಕುಳಿತ ಊರಿನ ಜನ. ಮೊಹರಮ್ಮಿನಲ್ಲಿ ಹಾಡುವ ರಿವಾಯತ್ ಪದಗಳನ್ನು ಕೇಳುತ್ತ ಬೆಳೆದ ಮುದಗಲ್ ಕಡೆಯವರಿಗೆ ಯಾವ ಹಾಡುಗಾರ ಪದ ಮರೆತು ಸಾಲು ತುಂಬಿಸಿದ, ಯಾರ ಕರ್ಬಲಾ ಕಥೆ ನಿಜವಾಗಿ ಕಣ್ಣೀರು ತರಿಸಿತು ಎಂಬುದನ್ನು ಬೇರೆಯವರು ಹೇಳಿಕೊಡಬೇಕಿಲ್ಲ. ತೀರ್ಪುಗಾರರನ್ನು ಆರಿಸುವಾಗ ನಾವು ನೋಡಿಕೊಳ್ಳುವುದು ಎರಡನ್ನು ಮಾತ್ರ: ಅವರು ಸ್ಪರ್ಧಿಗಳ ಬಂಧುಗಳಾಗಲಿ ಸಹಪಾಠಿಗಳಾಗಲಿ ಆಗಿರಬಾರದು, ಮತ್ತು ಐವರೂ ಒಂದೇ ವಯಸ್ಸಿನವರಾಗಿರಬಾರದು.

ಹಬ್ಬದ ಜೀವವಿರುವುದು ಬೆಳಗಿನ ಕಮ್ಮಟದಲ್ಲಿ ಎಂಬುದು ನನ್ನ ನಂಬಿಕೆ, ಆದರೆ ಅದರ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಅಲ್ಲಿಗೆ ಬರುವವರು ಬಹುತೇಕ ಪದವಿ ವಿದ್ಯಾರ್ಥಿಗಳು. ಬರೆದು ತಂದ ಕವಿತೆಯನ್ನು ಗಡಿಯಾರವಿಟ್ಟು ಗಟ್ಟಿಯಾಗಿ ಓದಿಸುವುದು ನಮ್ಮ ಮೊದಲ ಕೆಲಸ. ಕನ್ನಡದ ಪದಗಳು ಪ್ರತ್ಯಯಗಳನ್ನು ಹೊತ್ತು ಉದ್ದವಾಗುವುದರಿಂದ, ಉಸಿರಿಗೆ ಬಿಡುವು ಕೊಟ್ಟು ಓದಿದರೆ ಮೂರು ನಿಮಿಷಕ್ಕೆ 250 ರಿಂದ 300 ಪದಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಎರಡು ಪುಟ ಬರೆದು ತಂದವರು ಒಂದು ಪುಟವನ್ನು ಕೈಬಿಡಲೇಬೇಕಾಗುತ್ತದೆ, ಮತ್ತು ಏನನ್ನು ಬಿಡಬೇಕು ಎಂಬ ಜಗಳದಲ್ಲೇ ಕಾವ್ಯದ ಪಾಠವೆಲ್ಲ ಅಡಗಿದೆ.

ಗಂಗಾವತಿ ಕಡೆಯ ಒಬ್ಬ ವಿದ್ಯಾರ್ಥಿನಿ ತುಂಗಭದ್ರಾ ಜಲಾಶಯದ ಬಗ್ಗೆ ಕವಿತೆ ತಂದಿದ್ದಳು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ, ಗೇಟೇ ಕೊಚ್ಚಿಹೋಗಿ, ತುಂಬಿ ನಿಂತಿದ್ದ ನೀರು ನದಿಗೆ ಹರಿದದ್ದು ಈ ಭಾಗದವರಿಗೆ ಮರೆಯುವಂಥದ್ದಲ್ಲ. ತಾತ್ಕಾಲಿಕ ಗೇಟು ಕೂರಿಸುವವರೆಗಿನ ಆ ಒಂದು ವಾರ ನಾಲೆಯ ನೀರನ್ನು ನಂಬಿದ ಭತ್ತದ ರೈತರಲ್ಲಿ ಬೇರೆ ಮಾತೇ ಇರಲಿಲ್ಲ. ಅವಳ ಕವಿತೆಯ ಮೊದಲ ಹನ್ನೆರಡು ಸಾಲು ‘ಓ ತಾಯೇ ತುಂಗಭದ್ರೆ’ ಎಂಬ ಸಂಬೋಧನೆಯಲ್ಲೇ ಕಳೆಯುತ್ತಿದ್ದವು, ಮುಂದಿನ ಎಂಟರಲ್ಲಿ ವಿಜಯನಗರದ ವೈಭವ ಬರುತ್ತಿತ್ತು, ಗೇಟು ಮುರಿಯುವಷ್ಟರಲ್ಲಿ ಎರಡೂವರೆ ನಿಮಿಷ ಮುಗಿದಿರುತ್ತಿತ್ತು. ಆ ರಾತ್ರಿ ನಿಮ್ಮ ಮನೆಯಲ್ಲಿ ಏನಾಯಿತು ಎಂದು ಕೇಳಿದೆವು. ಅಪ್ಪ ಫೋನಿನಲ್ಲಿ ಬಂದ ವಿಡಿಯೋವನ್ನು ಮತ್ತೆ ಮತ್ತೆ ನೋಡುತ್ತ ಕುಳಿತಿದ್ದ, ಅವ್ವ ಒಲೆಯ ಮುಂದಿನಿಂದ ಒಂದೇ ಮಾತು ಕೇಳುತ್ತಿದ್ದಳು ಎಂದಳು: ‘ಎಷ್ಟು ಹೋತಂತ?’ ಮತ್ತೆ ಸ್ವಲ್ಪ ಹೊತ್ತಿಗೆ, ‘ಈಗ ಎಷ್ಟು ಹೋತಂತ?’ ಸಂಬೋಧನೆಯನ್ನೂ ವೈಭವವನ್ನೂ ಅವಳೇ ಗೆರೆ ಎಳೆದು ಹೊಡೆದುಹಾಕಿದಳು. ಅವ್ವನ ಪ್ರಶ್ನೆ ಕವಿತೆಯ ಪಲ್ಲವಿಯಾಯಿತು, ಪ್ರತಿ ಸಲ ಬಂದಾಗಲೂ ಹೋದದ್ದರ ಪಟ್ಟಿ ಬೇರೆಯಾಯಿತು: ನೀರು, ಗೊಬ್ಬರದ ಸಾಲ, ಅಕ್ಕನ ಮದುವೆಗೆಂದು ಗೊತ್ತು ಮಾಡಿದ್ದ ತಿಂಗಳು. ಸಂಜೆ ಅವಳಿಗೆ ಬಂದ ಅಂಕ ಅಷ್ಟೇನೂ ದೊಡ್ಡದಲ್ಲ. ಹಾಸ್ಟೆಲ್ ಊಟದ ಮೇಲೆ ನಗೆ ಕವಿತೆ ಹೇಳಿದ ಹುಡುಗ ಅವಳಿಗಿಂತ ಎರಡು ಅಂಕ ಮುಂದಿದ್ದ. ನಗೆಗೆ ಬಿದ್ದ ಅಂಕ ಅನ್ಯಾಯದ್ದೆಂದು ನನಗನ್ನಿಸಲಿಲ್ಲ, ಅವನೂ ಚೆನ್ನಾಗಿಯೇ ಕಟ್ಟಿದ್ದ.

ಕಮ್ಮಟದಲ್ಲಿ ಹೆಚ್ಚು ಚರ್ಚೆಯಾಗುವ ಇನ್ನೊಂದು ಸಂಗತಿ ಹಾಡುವಿಕೆ. ವಾದ್ಯ ಕೂಡದೆಂಬ ನಿಯಮ ಪಾಲಿಸುವುದು ಸುಲಭ, ಆದರೆ ವಿಜಯದಾಸರೂ ಜಗನ್ನಾಥದಾಸರೂ ಬಾಳಿದ, ತತ್ವಪದದ ಭಜನಾ ಮೇಳಗಳು ಇನ್ನೂ ಉಳಿದಿರುವ ಸೀಮೆಯಲ್ಲಿ ಎರಡು ಸಾಲು ಓದಿದ ಕೂಡಲೇ ದನಿ ತಾನಾಗಿ ಧಾಟಿ ಹಿಡಿಯುತ್ತದೆ. ಸ್ವಂತ ಸಾಲನ್ನು ಬಾಯಿಂದಲೇ ಹಾಡುವುದಕ್ಕೆ ನಾವು ಅಡ್ಡಿ ಮಾಡಿಲ್ಲ. ಆದರೆ ಇಂಪಾದ ಕಂಠವು ಸೊರಗಿದ ಕವಿತೆಯನ್ನು ಮುಚ್ಚಿಡುತ್ತದೆ, ಆದ್ದರಿಂದ ಕಮ್ಮಟದಲ್ಲಿ ಹಾಡುವವರಿಂದ ಅದೇ ಸಾಲುಗಳನ್ನು ಒಮ್ಮೆ ಮಾತಿನ ಧಾಟಿಯಲ್ಲಿ ಹೇಳಿಸುತ್ತೇವೆ. ಹಾಗೆ ಹೇಳಿದಾಗಲೂ ನಿಲ್ಲುವ ಸಾಲಾದರೆ ಹಾಡಲಿ.

ಅಂಕದ ಕೇಡುಗಳನ್ನೂ ಹೇಳದೆ ಬಿಡುವುದು ಸರಿಯಲ್ಲ. ಮೊದಲು ಓದಿದವರಿಗೆ ಕಡಿಮೆ, ರಾತ್ರಿಯಾದಂತೆ ಹೆಚ್ಚು ಎಂಬ ಏರಿಕೆ ಸ್ಲ್ಯಾಮ್ ನಡೆಯುವ ಎಲ್ಲ ಕಡೆಯೂ ಕಂಡುಬರುವ ಪಿಡುಗು. ಇದಕ್ಕೆಂದೇ ಸ್ಪರ್ಧೆಗೆ ಸೇರದ ಕವಿಯೊಬ್ಬನಿಂದ ಮೊದಲು ಓದಿಸಿ, ತೀರ್ಪುಗಾರರ ಅಳತೆಯನ್ನು ಹದ ಮಾಡಿಕೊಳ್ಳುವ ಪದ್ಧತಿಯಿದೆ. ಅಮೆರಿಕದಲ್ಲಿ ಅಂಥವನನ್ನು ಬಲಿಯ ಕವಿ ಎಂದೇ ಕರೆಯುತ್ತಾರೆ. ನಮ್ಮಲ್ಲಿ ಆ ಪಾತ್ರ ವಹಿಸಲು ಸಂಘಟಕರಲ್ಲೇ ಒಬ್ಬರು ಸಿಗುತ್ತಾರೆ, ಅವರಿಗೆ ಬೀಳುವ ಕಡಿಮೆ ಅಂಕಕ್ಕೆ ಸಭೆ ಬಹಳ ಸಂತೋಷಪಡುತ್ತದೆ. ಇದಕ್ಕಿಂತ ದೊಡ್ಡ ಕೇಡು, ಗೆಲ್ಲುವ ಮಾದರಿಯೊಂದು ರೂಪುಗೊಳ್ಳುವುದು. ಮೆಲ್ಲಗೆ ಆರಂಭಿಸಿ, ನಡುವೆ ವೇಗ ಹೆಚ್ಚಿಸಿ, ಕೊನೆಗೆ ಕೂಗಿ, ಥಟ್ಟನೆ ಮೌನವಾಗುವ ಧಾಟಿಯನ್ನು ಹುಡುಗರು ಫೋನಿನ ವಿಡಿಯೋ ನೋಡಿಯೇ ಕಲಿತುಬಿಟ್ಟಿದ್ದಾರೆ. ತನಗೆ ಆಗದ ನೋವನ್ನು ತನ್ನದೆಂದು ಹೇಳಿ ಅಂಕ ಗಿಟ್ಟಿಸುವವರೂ ಉಂಟು. ಒಂದೇ ಧಾಟಿಯ ಎಂಟು ಕವಿತೆಗಳನ್ನು ಒಂದೇ ಸಂಜೆ ಕೇಳಿದಾಗ, ಆಕ್ಷೇಪಿಸುವ ಹಿರಿಯರ ಸಿಟ್ಟು ಪೂರ್ತಿ ಆಧಾರವಿಲ್ಲದ್ದಲ್ಲ ಎಂದು ನನಗೂ ಅನ್ನಿಸಿದೆ.

ಆ ಧಾಟಿಯನ್ನು ಮುರಿಯುವುದಕ್ಕಾಗಿಯೇ ರಾತ್ರಿಯ ಪ್ರದರ್ಶನ. ಇದರಲ್ಲಿ ಪಾಟಿಯಿಲ್ಲ, ಗಡಿಯಾರವಿಲ್ಲ. ಆಹ್ವಾನಿತರಾದ ಇಬ್ಬರೋ ಮೂವರೋ ತಲಾ ಇಪ್ಪತ್ತು ನಿಮಿಷ ತಮಗೆ ಬೇಕಾದಂತೆ ಓದುತ್ತಾರೆ. ರಾಯಚೂರು, ಕೊಪ್ಪಳ ಎರಡೂ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ನೆಲವಾದ್ದರಿಂದ ಮುಶಾಯಿರಾದ, ಅಂದರೆ ಉರ್ದು ಕವಿಗೋಷ್ಠಿಯ, ಗತ್ತು ಇಲ್ಲಿ ಇನ್ನೂ ಪೂರ್ತಿ ಮಾಸಿಲ್ಲ. ಕನ್ನಡದಲ್ಲಿ ಗಜಲ್ ಬೇರೂರಲು ರಾಯಚೂರಿನ ಶಾಂತರಸರು ಶ್ರಮಿಸಿದ್ದು ಈ ಹಿನ್ನೆಲೆಯಿಂದಲೇ. ಹಿರಿಯ ಉರ್ದು ಕವಿಯೊಬ್ಬರು ದ್ವಿಪದಿಯ ಮೊದಲ ಸಾಲನ್ನು ಎರಡು ಸಲ ಹೇಳಿ, ಸಭೆ ಎರಡನೆಯ ಸಾಲಿಗಾಗಿ ಮುಂದಕ್ಕೆ ಬಾಗುವವರೆಗೆ ಕಾದು, ಆಮೇಲೆ ದನಿ ಏರಿಸದೆಯೇ ಅದನ್ನು ಇಳಿಸಿದಾಗ ‘ಮುಕರ್ರರ್’, ಅಂದರೆ ಇನ್ನೊಮ್ಮೆ, ಎಂಬ ಕೂಗೆದ್ದಿತು. ಸಂಜೆ ಕಿರುಚಿ ಕಿರುಚಿ ಗಂಟಲು ಕಟ್ಟಿಸಿಕೊಂಡಿದ್ದ ಹುಡುಗರು ಮೊದಲ ಸಾಲಿನಲ್ಲಿ ಕುಳಿತು ಇದನ್ನು ನೋಡಿದರು. ಕಮ್ಮಟದಲ್ಲಿ ನಾವು ಹೇಳಿದ್ದಕ್ಕಿಂತ ಅದು ಹೆಚ್ಚು ನಾಟಿದ್ದು ಮುಂದಿನ ಹಬ್ಬದಲ್ಲಿ ಕಂಡಿತು: ಇಬ್ಬರು ಹುಡುಗರು ಕೂಗದೆ ಓದಿದರು, ಅವರಲ್ಲಿ ಒಬ್ಬ ಕೊನೆಯ ಸುತ್ತಿಗೂ ಬಂದ.

ಬಹುಮಾನದ ಬಗ್ಗೆ ಕೇಳುವವರಿಗೆ ಒಂದು ಮಾತು: ಗೆದ್ದವರಿಗೆ ಪುಸ್ತಕಗಳನ್ನು ಕೊಡುತ್ತೇವೆ, ಅತಿಥಿಗಳಿಗೆ ಪ್ರಯಾಣದ ಖರ್ಚು ಕೊಡುತ್ತೇವೆ, ಶಾಲು ತರುವುದಿಲ್ಲ.

ನಾವು ಇನ್ನೂ ಬಿಡಿಸಿಕೊಳ್ಳಲಾಗದ ತೊಡಕು ಭಾಷೆಯದು. ಬಳ್ಳಾರಿಯಿಂದ ಬರುವವರಲ್ಲಿ ಮನೆಯಲ್ಲಿ ತೆಲುಗು ಆಡುವವರಿದ್ದಾರೆ, ರಾಯಚೂರಿನಿಂದ ಉರ್ದುವಿನವರು ಬರುತ್ತಾರೆ, ತಾಂಡಾಗಳಿಂದ ಲಂಬಾಣಿ ಮಾತಿನವರೂ ಬರುತ್ತಾರೆ; ಅವರೆಲ್ಲರೂ ಕನ್ನಡದಲ್ಲೇ ಬರೆಯಬೇಕೆಂದು ಹೇಳುವುದು ನಮಗೆ ಸರಿಕಾಣುವುದಿಲ್ಲ, ತಿಳಿಯದ ಭಾಷೆಗೆ ಅಂಕ ಹಾಕಿರೆಂದು ತೀರ್ಪುಗಾರರಿಗೆ ಹೇಳುವಂತೆಯೂ ಇಲ್ಲ. ಐವರಲ್ಲಿ ಮೂವರಾದರೂ ಆ ಭಾಷೆ ಬಲ್ಲವರಿರಬೇಕೆಂಬ ನಿಯಮವನ್ನು ತಂದು ನೋಡಿದೆವು. ತೆಲುಗು, ಉರ್ದುಗಳಿಗೆ ಅದು ಸಾಗಿತು. ಲಂಬಾಣಿ ಕವಿತೆ ತಂದ ಯುವಕನಿಗೆ ಸಭೆಯಲ್ಲಿ ಅಂಥ ಮೂವರು ಸಿಗಲಿಲ್ಲ. ಅವನು ತನಗೆ ಅಂಕ ಬೇಡವೆಂದು ಹೇಳಿ ಓದಿದ, ಕನ್ನಡದಲ್ಲಿ ಎರಡು ಮಾತಿನ ವಿವರಣೆ ಕೊಟ್ಟ, ಜನ ಅವನಿಂದ ಅದನ್ನು ಇನ್ನೊಮ್ಮೆ ಓದಿಸಿದರು. ಅಂಥ ಕವಿತೆಗಳನ್ನು ಸ್ಪರ್ಧೆಯಲ್ಲೇ ಇಟ್ಟುಕೊಂಡು ದಾರಿ ಹುಡುಕಬೇಕೋ, ರಾತ್ರಿಯ ಪ್ರದರ್ಶನಕ್ಕೆ ಸೇರಿಸಬೇಕೋ ಎಂಬ ವಿಷಯದಲ್ಲಿ ನಮ್ಮ ಗೆಳೆಯರ ಗುಂಪು ಎರಡು ಪಾಲಾಗಿದೆ. ಪ್ರದರ್ಶನಕ್ಕೆ ಸೇರಿಸುವುದು ಗೌರವದ ಹೆಸರಿನಲ್ಲಿ ಹೊರಗಿಟ್ಟಂತೆ ಎನ್ನುವವರ ಪಾಲಿನಲ್ಲಿ ನಾನಿದ್ದೇನೆ, ಸದ್ಯಕ್ಕೆ ನಮ್ಮ ಸಂಖ್ಯೆ ಕಡಿಮೆ.