ನಿರ್ದಯವೋ, ನಿರ್ದಾಕ್ಷಿಣ್ಯವೋ?

ಫುಟ್‌ಪಾತ್ ತೆರವಿನ ಸುದ್ದಿ ಪತ್ರಿಕೆಯ ಡೆಸ್ಕಿಗೆ ಬಂದ ಸಂಜೆ ಒಂದು ಪದದ ಬಗ್ಗೆ ಚರ್ಚೆ ಎದ್ದೇ ಏಳುತ್ತದೆ. ‘ವ್ಯಾಪಾರಿಗಳನ್ನು ನಿರ್ದಾಕ್ಷಿಣ್ಯವಾಗಿ ಎಬ್ಬಿಸಲಾಯಿತು’ ಎಂದು ವರದಿಯಲ್ಲಿರುತ್ತದೆ. ಮುಂದಿನ ಸಾಲಿನಲ್ಲೇ ತಳ್ಳುಗಾಡಿ ಉರುಳಿಸಿದ್ದು, ಟೊಮೆಟೊ ರಸ್ತೆಗೆ ಚೆಲ್ಲಿದ್ದು, ಕೈಮುಗಿದು ಬೇಡಿಕೊಂಡರೂ ತಕ್ಕಡಿಯನ್ನು ಲಾರಿಗೆ ಎಸೆದದ್ದು ಇರುತ್ತದೆ. ಇಷ್ಟೆಲ್ಲ ನಡೆದಿದ್ದರೆ ಆ ಪದ ಅಲ್ಲಿ ಸಲ್ಲದು.

ದಾಕ್ಷಿಣ್ಯ ಎಂದರೆ ಮುಖ ನೋಡಿ ಮಣಿಯುವುದು. ಪರಿಚಯ, ಶಿಫಾರಸು, ಸಂಕೋಚ ಯಾವುದಕ್ಕೂ ಜಗ್ಗದೆ ನಿಯಮ ಪಾಲಿಸಿದರೆ ಅದು ನಿರ್ದಾಕ್ಷಿಣ್ಯ; ಅದರಲ್ಲಿ ಒಂದಿಷ್ಟು ಮೆಚ್ಚುಗೆಯೂ ಬೆರೆತಿದೆ. ಎದುರಿಗಿರುವವರ ಸಂಕಟ ಕಂಡೂ ಮನಸ್ಸು ಕರಗದಿದ್ದರೆ ಅದು ನಿರ್ದಯ. ಬೀದಿಬದಿ ವ್ಯಾಪಾರಿಗಳ 2014ರ ಕಾಯ್ದೆ ಪ್ರಕಾರ, ಪ್ರಮಾಣಪತ್ರ ಪಡೆದವರನ್ನು ಅವರ ಜಾಗದಿಂದ ಎಬ್ಬಿಸಲು 30 ದಿನಗಳ ನೋಟಿಸ್ ಕೊಡಬೇಕು. ನೋಟಿಸೇ ಇಲ್ಲದ ಮೇಲೆ ನಿಯಮ ಪಾಲನೆ ಎಲ್ಲಿ ಬಂತು? ಅಂಥ ಕಡೆ ‘ನಿರ್ದಾಕ್ಷಿಣ್ಯ’ ಎಂದು ಬರೆದರೆ ಪತ್ರಿಕೆಯೇ ಶಹಬ್ಬಾಸ್ ಹೇಳಿದಂತಾಗುತ್ತದೆ. ಹಾಗೆಂದು ಎಲ್ಲ ತೆರವಿಗೂ ‘ನಿರ್ದಯ’ ಅಂಟಿಸುವುದೂ ಅನ್ಯಾಯ. ನೋಟಿಸ್ ಕೊಟ್ಟು, ಬೇರೆ ಜಾಗ ತೋರಿಸಿ, ಸಾಮಾನು ಎತ್ತಿಕೊಳ್ಳಲು ಬಿಟ್ಟಿದ್ದರೆ ಬರೀ ‘ತೆರವುಗೊಳಿಸಿದರು’ ಸಾಕು.

ಕಾಗುಣಿತದಲ್ಲಿ ಎಡವುವುದು ದಕಾರದಲ್ಲಿ. ‘ನಿರ್ಧಾರ’ ಬರೆದ ರೂಢಿಯಲ್ಲಿ ಬೆರಳು ‘ನಿರ್ಧಯ’, ‘ನಿರ್ಧಾಕ್ಷಿಣ್ಯ’ ಎಂದು ಒತ್ತಿಬಿಡುತ್ತದೆ. ದಯೆ, ದಾಕ್ಷಿಣ್ಯ ಎರಡರಲ್ಲೂ ಇರುವುದು ಅಲ್ಪಪ್ರಾಣ. ‘ನಿಃ’ ಎಂಬುದು ದಕಾರದ ಮುಂದೆ ‘ನಿರ್’ ಆಗುತ್ತದೆ, ಕಕಾರದ ಮುಂದೆ ‘ನಿಷ್’. ಹಾಗಾಗಿ ನಿಷ್ಕರುಣಿ ಸರಿ, ‘ನಿರ್ಕರುಣಿ’ ತಪ್ಪು. ವ್ಯಕ್ತಿಗೆ ನಿರ್ದಯಿ, ಗುಣಕ್ಕೆ ನಿರ್ದಯತೆ.

ಇವೆಲ್ಲ ಬರಹದ ಪದಗಳು. ಗಾಡಿ ಕಳೆದುಕೊಂಡ ಹೆಂಗಸು ‘ಕರುಳು ಅನ್ನೋದು ಇಲ್ವೇನ್ರೀ ನಿಮ್ಗೆ?’ ಎಂದೇ ಕೇಳುತ್ತಾಳೆ. ಅದನ್ನು ತಿದ್ದಿ ‘ನೀವು ನಿರ್ದಯಿಗಳು’ ಎಂದು ಮಾಡಿದರೆ ಅವಳ ದನಿಯೇ ಹೋಗುತ್ತದೆ. ಆಡಿದ ಮಾತನ್ನು ಆಡಿದಂತೆಯೇ ಇಡಬೇಕು. ‘ಕಟುಕ’ ಬೇಡವೇ ಬೇಡ. ಅದು ದುಡಿದು ತಿನ್ನುವ ಜನರ ಕಸುಬಿನ ಹೆಸರು, ಬೈಗುಳವಲ್ಲ. ‘ನಿಷ್ಠುರ’ವೂ ಇಲ್ಲಿ ಹೊಂದುವುದಿಲ್ಲ: ನಿಷ್ಠುರವಾಗಿ ಹೇಳಿದರು ಎಂದರೆ ಮುಚ್ಚುಮರೆಯಿಲ್ಲದೆ ಹೇಳಿದರು ಎಂದು, ನಿಷ್ಠುರವಾಯಿತು ಎಂದರೆ ಸಂಬಂಧ ಕೆಟ್ಟಿತು ಎಂದು ಓದುಗರು ತಿಳಿಯುತ್ತಾರೆ.

ಇನ್ನು ಶೀರ್ಷಿಕೆ. ಒಂದು ಕಾಲಂಗೆ ‘ನಿರ್ದಾಕ್ಷಿಣ್ಯವಾಗಿ’ ಹಿಡಿಸದಿದ್ದರೆ ‘ಮುಲಾಜಿಲ್ಲದೆ’ ಹಾಕಬಹುದು. ಜಾಗ ಉಳಿಯುತ್ತದೆಂದು ‘ನಿರ್ದಯ’ ಹಾಕುವಂತಿಲ್ಲ.