ಕರೆಂಟು ಬಂದರೂ ವೈಫೈ ಹಿಡಿಯದಿದ್ದರೆ

ಮಳೆಗಾಲದಲ್ಲಿ ಸಾಗರದ ಸುತ್ತಮುತ್ತ ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ತಂತಿಯ ಮೇಲೆ ಕೊಂಬೆ ಬಿದ್ದರೂ ಹೋಗುತ್ತದೆ, ಗುಡುಗು ಜೋರಾದರೂ ಹೋಗುತ್ತದೆ. ಮರಳಿ ಬಂದಾಗ ಫ್ಯಾನು ತಿರುಗುತ್ತದೆ, ಫ್ರಿಜ್ಜು ಗುರುಗುಟ್ಟುತ್ತದೆ, ವೈಫೈ ನಂಬಿಕೊಂಡ ಸಾಧನಗಳಲ್ಲಿ ಮಾತ್ರ ಯಾವುದೋ ಒಂದು ಹಟ ಹಿಡಿದು ಕೂರುತ್ತದೆ. ನಾನು ಮನೆಯಿಂದಲೇ ಕೆಲಸ ಮಾಡುವವಳು. ಹಾಗಾಗಿ ನಮ್ಮ ಮನೆಯದಷ್ಟೇ ಅಲ್ಲ, ಕೇರಿಯ ಉಳಿದ ಮನೆಗಳ ರೂಟರ್‌ಗಳನ್ನೂ ನೋಡುತ್ತಾ ಬಂದಿದ್ದೇನೆ. ಹೀಗೆ ಹಿಡಿಯದೆ ಹೋದ ಸಾಧನ ನಿಜಕ್ಕೂ ಕೆಟ್ಟಿರುವುದು ತೀರಾ ಅಪರೂಪ. ರೂಟರ್ ಮರಳಿ ಏಳುವಾಗ ಕೆಲವು ವಿಷಯಗಳನ್ನು ಹೊಸದಾಗಿ ತೀರ್ಮಾನ ಮಾಡುತ್ತದೆ. ಆ ತೀರ್ಮಾನ ಏನೆಂದು ತಿಳಿದುಕೊಂಡರೆ ಮುಕ್ಕಾಲು ಪಾಲು ತೊಂದರೆ ಅಲ್ಲಿಯೇ ಬಗೆಹರಿಯುತ್ತದೆ.

ಎಲ್ಲಕ್ಕಿಂತ ಮೊದಲು ಕೈಮುಗಿದು ಕೇಳಿಕೊಳ್ಳುವುದು ಒಂದೇ: ರೂಟರಿನ ಹಿಂದೆ ಸೂಜಿ ತೂರುವಷ್ಟು ಸಣ್ಣ ತೂತಿನೊಳಗೆ ಇರುವ ರೀಸೆಟ್ ಗುಂಡಿಯನ್ನು ಒತ್ತಬೇಡಿ. ಕರೆಂಟು ಹೋಗಿ ಬಂದರೆ ರೂಟರ್ ತನ್ನ ಸೆಟ್ಟಿಂಗ್ಸ್ ಕಳೆದುಕೊಳ್ಳುವುದಿಲ್ಲ. ಆ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಮಾತ್ರ ವೈಫೈ ಹೆಸರು, ಪಾಸ್‌ವರ್ಡ್, ಜೊತೆಗೆ ಇಂಟರ್‌ನೆಟ್ ಕಂಪನಿಯವರು ತುಂಬಿಸಿಕೊಟ್ಟ ಲಾಗಿನ್ ವಿವರ ಎಲ್ಲವೂ ಅಳಿಸಿಹೋಗುತ್ತವೆ. ಆಮೇಲೆ ಪೇಟೆಯಿಂದ ಹುಡುಗ ಬರುವವರೆಗೆ ಕಾಯಬೇಕು, ಮಳೆ ಹಿಡಿದಿದ್ದರೆ ಅವನು ಬರುವುದು ಯಾವಾಗಲೋ. ಒಂದು ಮನೆಯ ಪುಟ್ಟ ತೊಂದರೆ ಹೀಗೆ ವಾರದ ಗೋಳಾಗುವುದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗಿದೆ.

ಮಾಡಬೇಕಾದ ಎರಡನೆಯ ಕೆಲಸ ಕಾಯುವುದು. ವೈಫೈ ಹೆಸರು ಮೊಬೈಲಿನಲ್ಲಿ ಬೇಗ ಕಾಣಿಸಿಕೊಳ್ಳುತ್ತದೆ, ಆದರೆ ಫೈಬರ್ ಸಂಪರ್ಕ ಕೂಡಿಕೊಳ್ಳಲು ಇನ್ನಷ್ಟು ಹೊತ್ತು ಬೇಕು. ಪೆಟ್ಟಿಗೆಯ ಮೇಲೆ ಪಾನ್ (PON) ಎಂದು ಬರೆದಿರುವ ಹಸಿರು ದೀಪ ಮಿನುಗುತ್ತಿದ್ದರೆ ಅದು ಇನ್ನೂ ಇಂಟರ್‌ನೆಟ್ ಕಂಪನಿಯ ಆಚೆ ತುದಿಯೊಡನೆ ಮಾತುಕತೆ ನಡೆಸುತ್ತಿದೆ ಎಂದು ಅರ್ಥ, ಅಲ್ಲಾಡದೆ ಉರಿದರೆ ಸಂಪರ್ಕ ಕೂಡಿದೆ. ಲಾಸ್ (LOS) ದೀಪ ಕೆಂಪಾಗಿದ್ದರೆ ಫೈಬರಿನಲ್ಲಿ ಸಂಕೇತ ಹೊತ್ತು ತರುವ ಬೆಳಕೇ ಬರುತ್ತಿಲ್ಲ. ದಾರಿಯಲ್ಲೆಲ್ಲೋ ಕೇಬಲ್ ತುಂಡಾಗಿರಬಹುದು, ಇಲ್ಲವೇ ಆಚೆ ತುದಿಯಲ್ಲಿ ಇನ್ನೂ ಕರೆಂಟು ಬಂದಿಲ್ಲದಿರಬಹುದು. ಆಗ ಮನೆಯೊಳಗೆ ಏನು ಮಾಡಿದರೂ ಪ್ರಯೋಜನವಿಲ್ಲ.

ನನ್ನನ್ನು ತುಂಬಾ ದಿನ ಕಾಡಿದ್ದು ಅತ್ತೆಯವರ ಇ-ರೀಡರ್. ಅಮೆರಿಕದಲ್ಲಿರುವ ನಾದಿನಿ ಅಲ್ಲಿಯೇ ಕೊಂಡು ತಂದುಕೊಟ್ಟದ್ದು. ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ಕಣ್ಣಿಗೆ ಹೊಡೆಯುವ ಬೆಳಕಿಲ್ಲ; ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅವರ ಓದೆಲ್ಲ ಅದರಲ್ಲಿಯೇ. ಅದು ಕೆಲವು ಸಲ ಕರೆಂಟು ಬಂದ ಕೂಡಲೇ ವೈಫೈ ಹಿಡಿಯುತ್ತಿತ್ತು, ಕೆಲವು ಸಲ ಎಷ್ಟು ಹೊತ್ತಾದರೂ ಇಲ್ಲ. ಒಂದು ಸಂಜೆ ಅತ್ತೆ ಅದನ್ನು ನನ್ನ ಮುಂದೆ ಹಿಡಿದು, “ನೋಡೇ, ನಿನ್ನ ಮೊಬೈಲಿನ ಹಾಟ್‌ಸ್ಪಾಟ್ ಇಲ್ಲಿ ಕಾಣುತ್ತದೆ, ನಮ್ಮ ಮನೆಯ ಹೆಸರೇ ಇಲ್ಲ” ಎಂದರು.

ಅವರು ಹೇಳಿದ್ದರಲ್ಲಿಯೇ ಸುಳಿವಿತ್ತು. ಪಾಸ್‌ವರ್ಡ್ ತಪ್ಪಾಗಿದ್ದರೆ ಹೆಸರು ಕಾಣುತ್ತದೆ, ಒಳಗೆ ಬಿಡುವುದಿಲ್ಲ. ರೂಟರ್ ಕೊಡುವ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ, ಸಿಗದಿದ್ದರೆ ಒಳಗೆ ಹೋಗುತ್ತದೆ, ಇಂಟರ್‌ನೆಟ್ ಇಲ್ಲ ಎನ್ನುತ್ತದೆ. ಅದೇ ಜಾಗದಲ್ಲಿ ನಿಂತ ಮೊಬೈಲಿಗೆ ಕಾಣುವ ಹೆಸರು ಇದೊಂದಕ್ಕೆ ಮಾತ್ರ ಕಾಣದಿದ್ದರೆ ಅಡಚಣೆ ವೈಫೈಯ ರೇಡಿಯೋ ಅಲೆಗಳಲ್ಲಿಯೇ ಇರಬೇಕು. ವೈಫೈ ಸಂಕೇತವನ್ನು ಅಳೆದು ತೋರಿಸುವ ಆ್ಯಪ್ ಒಂದನ್ನು ಮೊಬೈಲಿಗೆ ಹಾಕಿಕೊಂಡು, ಕರೆಂಟು ಬಂದಾಗಲೆಲ್ಲ ನಮ್ಮ ರೂಟರ್ ಯಾವ ಚಾನೆಲ್ಲಿನಲ್ಲಿ, ಅಂದರೆ ಆ ಅಲೆಗಳ ಯಾವ ಓಣಿಯಲ್ಲಿ, ಇದೆ ಎಂದು ಬರೆದಿಡತೊಡಗಿದೆ. ಇ-ರೀಡರ್ ಹಿಡಿದ ದಿನಗಳಲ್ಲಿ ಚಾನೆಲ್ 1 ಅಥವಾ 6. ಹಿಡಿಯದ ದಿನಗಳಲ್ಲಿ 13.

ವೈಫೈ ಬಳಸುವ ಅಲೆಗಳಲ್ಲಿ 2.4 ಗಿಗಾಹರ್ಟ್ಸ್ ಎಂಬುದು ಒಂದು ಪಟ್ಟಿ (ಬ್ಯಾಂಡ್); ಅದರಲ್ಲಿ ನಮ್ಮ ದೇಶದ ರೂಟರ್‌ಗಳು 1ರಿಂದ 13ರವರೆಗಿನ ಚಾನೆಲ್‌ಗಳನ್ನು ಬಳಸುತ್ತವೆ. ಅಮೆರಿಕದ ಮಾರುಕಟ್ಟೆಗೆಂದು ಮಾಡಿದ ಅನೇಕ ಸಾಧನಗಳು 11ಕ್ಕೇ ನಿಲ್ಲುತ್ತವೆ. 11ರ ನಡುಬಿಂದು 2462 ಮೆಗಾಹರ್ಟ್ಸ್, 13ರದು 2472. ಆ ಹತ್ತು ಮೆಗಾಹರ್ಟ್ಸ್ ಆಚೆಗೆ ಅತ್ತೆಯವರ ಸಾಧನ ಕಿವಿಗೊಡುತ್ತಲೇ ಇರಲಿಲ್ಲ. ರೂಟರಿನಲ್ಲಿ ಚಾನೆಲ್ ಆಯ್ಕೆ ‘ಆಟೋ’ ಎಂದಿದ್ದರೆ ಅದು ಪ್ರತಿ ಸಲ ಏಳುವಾಗ ಸುತ್ತಲಿನ ಗದ್ದಲ ಆಲಿಸಿ, ಶಾಂತವಾದ ಚಾನೆಲ್ ಹುಡುಕಿಕೊಳ್ಳುತ್ತದೆ. ಅದೃಷ್ಟಕ್ಕೆ 6 ಸಿಕ್ಕಿದರೆ ಅತ್ತೆಗೆ ಪುಸ್ತಕ, 13 ಸಿಕ್ಕಿದರೆ ಇಲ್ಲ.

ಪರಿಹಾರ ಎರಡು ನಿಮಿಷದ ಕೆಲಸ. ಬ್ರೌಸರಿನಲ್ಲಿ 192.168.1.1 ಎಂದು ಹಾಕಿ (ಕೆಲವು ರೂಟರ್‌ಗಳಿಗೆ 192.168.0.1; ಅಡಿಯಲ್ಲಿ ಅಂಟಿಸಿರುವ ಚೀಟಿಯಲ್ಲಿ ಇರುತ್ತದೆ), ವೈರ್‌ಲೆಸ್ ಪುಟದಲ್ಲಿ 2.4ರ ಚಾನೆಲ್ಲನ್ನು ‘ಆಟೋ’ದಿಂದ ತೆಗೆದು 1, 6, 11ರಲ್ಲಿ ಒಂದಕ್ಕೆ ಕಟ್ಟಿಹಾಕಿದರಾಯಿತು. ಈ ಮೂರೇ ಏಕೆಂದರೆ ಚಾನೆಲ್‌ಗಳ ನಡುವೆ ಐದೈದು ಮೆಗಾಹರ್ಟ್ಸ್ ಅಂತರ ಮಾತ್ರ, ಸಂಕೇತವಾದರೋ ಇಪ್ಪತ್ತರಷ್ಟು ಅಗಲ ಹರಡುತ್ತದೆ. ಒಂದರ ಮೇಲೊಂದು ಬೀಳದಂತೆ ಕೂರುವುದು ಈ ಮೂರು. ನಾನು 6 ಇಟ್ಟಿದ್ದೇನೆ. ಅತ್ತೆಯವರ ಪಟ್ಟಿಯಿಂದ ಮನೆಯ ಹೆಸರು ಆಮೇಲೆ ಮರೆಯಾಗಿಲ್ಲ. ವಿದೇಶದಿಂದ ಮಕ್ಕಳು ತಂದುಕೊಟ್ಟ ಸಾಧನ ಇಲ್ಲಿ ‘ಒಮ್ಮೊಮ್ಮೆ’ ಹಿಡಿಯುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಚಾನೆಲ್ಲನ್ನೇ.

ಇನ್ನೊಂದು ಬಗೆಯ ತೊಂದರೆ ವಿಳಾಸದ್ದು. ಮನೆಯ ಪ್ರತಿ ಸಾಧನಕ್ಕೂ ರೂಟರ್ ಒಂದೊಂದು ಐಪಿ ವಿಳಾಸವನ್ನು ಇಂತಿಷ್ಟು ಕಾಲಕ್ಕೆಂದು ಕೊಡುತ್ತದೆ. ಎಷ್ಟೋ ರೂಟರ್‌ಗಳಲ್ಲಿ ಯಾರಿಗೆ ಯಾವುದು ಕೊಟ್ಟಿದೆ ಎಂಬ ಪಟ್ಟಿ ಕರೆಂಟು ಹೋದೊಡನೆ ಅಳಿಸಿಹೋಗುತ್ತದೆ. ಕೆಳಗಿನ ಮನೆಯಲ್ಲಿ ಅಡಿಕೆ ಒಣಗಿಸುವ ಅಂಗಳಕ್ಕೆ ಒಂದು ಕ್ಯಾಮೆರಾ ಇದೆ. ಅದನ್ನು ಕೂರಿಸಿದವರು 192.168.1.10 ಎಂಬ ವಿಳಾಸವನ್ನು ಕ್ಯಾಮೆರಾದೊಳಗೇ ಕೈಯಾರೆ ಬರೆದುಹೋಗಿದ್ದರು. ಅದು ರೂಟರ್ ಹಂಚುವ ವಿಳಾಸಗಳ ನಡುವೆಯೇ ಇತ್ತು. ಒಂದು ದಿನ ಕ್ಯಾಮೆರಾ ಮೇಲೇಳುವ ಮೊದಲೇ ರೂಟರ್ ಅದೇ 10ನ್ನು ಮನೆಯ ಹುಡುಗನ ಮೊಬೈಲಿಗೆ ಕೊಟ್ಟಿತು. ಒಂದೇ ವಿಳಾಸಕ್ಕೆ ಇಬ್ಬರು ಎಂದಾದ ಮೇಲೆ ಕ್ಯಾಮೆರಾ ಚಿತ್ರವೂ ನಿಂತು ನಿಂತು ಬರತೊಡಗಿತು, ಮೊಬೈಲಿನ ಇಂಟರ್‌ನೆಟ್ಟೂ ತಡವರಿಸಿತು. ಅಡಿಕೆ ಅಂಗಳದಲ್ಲಿರುವ ಕಾಲದಲ್ಲಿ ಆ ಕ್ಯಾಮೆರಾ ಕುರುಡಾದರೆ ಮನೆಯವರಿಗೆ ನಿದ್ದೆ ಬರುವುದಿಲ್ಲ. ಕ್ಯಾಮೆರಾವನ್ನು ‘ಆಟೋಮ್ಯಾಟಿಕ್’ ವಿಳಾಸಕ್ಕೆ ತಿರುಗಿಸಿ, ರೂಟರಿನ ‘ಅಡ್ರೆಸ್ ರಿಸರ್ವೇಷನ್’ ಪುಟದಲ್ಲಿ 10ನ್ನು ಅದರ ಹೆಸರಿಗೇ ಮೀಸಲಿಟ್ಟು ಬಂದೆ. ಈ ಮೀಸಲಾತಿ ಸೆಟ್ಟಿಂಗ್ಸ್‌ನ ಭಾಗವಾದ್ದರಿಂದ ಕರೆಂಟು ಹೋದರೂ ಉಳಿಯುತ್ತದೆ. ವೈಫೈ ಪ್ರಿಂಟರ್ ಇರುವವರು ಅದಕ್ಕೂ ಹೀಗೆಯೇ ಮಾಡಿ. ಪ್ರಿಂಟರಿಗೆ ಹೊಸ ವಿಳಾಸ ಬಂದು, ಲ್ಯಾಪ್‌ಟಾಪ್ ಹಳೆಯ ವಿಳಾಸದಲ್ಲಿ ಅದನ್ನು ಹುಡುಕುತ್ತಾ ಇರುವುದೇ ಅನೇಕ ಕಡೆ ಆಗುವುದು.

ಲ್ಯಾಪ್‌ಟಾಪಿನ ವಿಳಾಸ 169.254 ಎಂದು ಶುರುವಾಗಿದ್ದರೆ ಅದಕ್ಕೆ ರೂಟರಿನಿಂದ ಏನೂ ಸಿಗದೆ ತಾನೇ ಒಂದು ಇಟ್ಟುಕೊಂಡಿದೆ ಎಂದರ್ಥ. ವೈಫೈ ಆರಿಸಿ ಮತ್ತೆ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆಗದಿದ್ದರೆ ಆ ನೆಟ್‌ವರ್ಕನ್ನು ‘ಫರ್ಗೆಟ್’ ಮಾಡಿ ಪಾಸ್‌ವರ್ಡ್ ಹೊಸದಾಗಿ ಕೊಡಬೇಕು. ಸ್ಮಾರ್ಟ್ ಬಲ್ಬು, ಪ್ಲಗ್ಗುಗಳಲ್ಲಿ ಬಹುಪಾಲು 2.4 ಗಿಗಾಹರ್ಟ್ಸ್ ಮಾತ್ರ ಬಲ್ಲವು, ವೈಫೈಯ ಇನ್ನೊಂದು ಬ್ಯಾಂಡ್ ಆದ 5 ಗಿಗಾಹರ್ಟ್ಸ್ ಅವಕ್ಕೆ ಕಾಣುವುದಿಲ್ಲ. ಮಕ್ಕಳ ಟ್ಯಾಬಿಗೆ ಹೊತ್ತು ಕಟ್ಟಿ ವೈಫೈ ಬಿಡುವವರು ಇನ್ನೊಂದನ್ನು ಗಮನದಲ್ಲಿಡಿ: ರೂಟರ್‌ಗಳಲ್ಲಿ ಸಾಮಾನ್ಯವಾಗಿ ಗಡಿಯಾರಕ್ಕೆಂದು ಬ್ಯಾಟರಿ ಇರುವುದಿಲ್ಲ. ಇಂಟರ್‌ನೆಟ್‌ನಿಂದ ಸಮಯ ಸಿಗುವವರೆಗೆ ಎಷ್ಟೋ ರೂಟರ್‌ಗಳು 1970ರ ಜನವರಿ 1ರಲ್ಲಿಯೇ ಇರುತ್ತವೆ, ಆ ಹೊತ್ತಿನಲ್ಲಿ ವೇಳಾಪಟ್ಟಿ ನಡೆಯುವುದು ಆ ತಪ್ಪು ಗಡಿಯಾರದ ಲೆಕ್ಕದಲ್ಲಿ.

ಇಷ್ಟೆಲ್ಲ ಹುಡುಕಾಡಿದ ಮೇಲೆ ನಾನು ರೂಟರಿಗೆ ಒಂದು ಸಣ್ಣ ಯುಪಿಎಸ್, ಅಂದರೆ ಕರೆಂಟು ಹೋದಾಗಲೂ ಅದನ್ನು ನಡೆಸುವ ಬ್ಯಾಟರಿ ಪೆಟ್ಟಿಗೆ, ತಂದೆ. ಮನೆಯ ಇನ್ವರ್ಟರ್ ಬದಲಾಗುವ ಕ್ಷಣದ ತಡವೂ ಕೆಲವು ರೂಟರ್‌ಗಳಿಗೆ ತಡೆಯುವುದಿಲ್ಲ, ಅದು ಅಷ್ಟರಲ್ಲಿಯೇ ರೀಸ್ಟಾರ್ಟ್ ಆಗಿಬಿಡುತ್ತದೆ. ಕೊಳ್ಳುವಾಗ ರೂಟರಿನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ನೋಡಿಕೊಂಡು ಹೋಗಿ. ನಮ್ಮದು 12 ವೋಲ್ಟ್, 1.5 ಆಂಪಿಯರ್. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಅದಕ್ಕಿಂತ ಹೆಚ್ಚಿರಬೇಕು. ಸಿಡಿಲಿನ ಮಳೆಯಾದರೆ ಮಾತ್ರ ಯುಪಿಎಸ್ ಇದೆ ಎಂದು ನೆಚ್ಚಿಕೊಳ್ಳದೆ ಅದರ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಿ. ಫೈಬರ್ ಗಾಜಿನ ಎಳೆ, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ರೂಟರ್ ಸುಡುವುದು ಹೆಚ್ಚಾಗಿ ಕರೆಂಟಿನ ತಂತಿಯ ದಾರಿಯಲ್ಲಿ.