ಕಾಲಿನ ಲೆಕ್ಕ ಬೇರೆ, ಸೊಂಟದ ಲೆಕ್ಕ ಬೇರೆ

ಚಪ್ಪಲಿ ನಂಬರು ಹತ್ತು ವರ್ಷದಿಂದ ಅದೇ, ಆದರೆ ಲೆಗ್ಗಿಂಗ್ಸ್ ಮೀನಖಂಡ ದಾಟಿ ಮೇಲೇರುವುದಿಲ್ಲ. ಲಿಪಿಡೀಮಾ, ಅಂದರೆ ಹೆಚ್ಚಾಗಿ ಹೆಂಗಸರ ಕಾಲಿನ ಚರ್ಮದಡಿ ಕೊಬ್ಬು ಅತಿಯಾಗಿ ತುಂಬಿಕೊಳ್ಳುವ ಕಾಯಿಲೆ, ಎಷ್ಟೋ ಸಲ ಹೀಗೆ ಬಟ್ಟೆಯಲ್ಲೇ ಮೊದಲು ಗೊತ್ತಾಗುತ್ತದೆ. ಎರಡೂ ಕಾಲು ಒಂದೇ ಸಮ ದಪ್ಪಗಾಗುತ್ತವೆ. ಕೊಬ್ಬು ಕಾಲುಚೈನು ಕೂರುವ ಜಾಗದವರೆಗೆ ಬಂದು ಗೆರೆ ಎಳೆದಂತೆ ನಿಲ್ಲುತ್ತದೆ, ಪಾದ ಮಾತ್ರ ತೆಳ್ಳಗೇ ಇರುತ್ತದೆ. ಒತ್ತಿದರೆ ನೋವು, ಮಂಚದ ಅಂಚು ತಗುಲಿದರೂ ನೀಲಿಗಟ್ಟುತ್ತದೆ. ಶುರುವಾಗುವುದು ಹೆಚ್ಚಾಗಿ ಮೈನೆರೆಯುವಾಗ, ಬಸಿರಿನಲ್ಲಿ ಇಲ್ಲವೇ ಮುಟ್ಟು ನಿಲ್ಲುವ ಹೊತ್ತಿಗೆ. ಅಮೆರಿಕದ ಮೇಯೊ ಕ್ಲಿನಿಕ್‌ನ ಆಲನ್ ಮತ್ತು ಹೈನ್ಸ್ ಇದನ್ನು 1940ರಲ್ಲೇ ವಿವರಿಸಿದ್ದರು. ಆದರೂ ಇಂದಿಗೂ ಎಷ್ಟೋ ಹೆಂಗಸರಿಗೆ ಸಿಗುವ ಸಲಹೆ ‘ಅನ್ನ ಬಿಡಿ’ ಅನ್ನುವುದೊಂದೇ.

ಕಲಬುರಗಿ, ಬೀದರ್ ಕಡೆ ಕಾಲು ದಪ್ಪ ಎಂದರೆ ಮೊದಲು ಆನೆಕಾಲು ರೋಗ ನೆನಪಾಗುವುದು ಸಹಜ. ಹೆಬ್ಬೆರಳಿನ ಪಕ್ಕದ ಬೆರಳಿನ ಬುಡದಲ್ಲಿ, ಮೇಲುಗಡೆಯ ಚರ್ಮ ಚಿವುಟಿ ಎತ್ತಿ ನೋಡಿ. ಕೈಗೆ ಸಿಗದಷ್ಟು ದಪ್ಪವಾಗಿದ್ದರೆ ಅದು ದುಗ್ಧರಸ (ಲಿಂಫ್) ನಿಂತ ಬಾವು, ಆನೆಕಾಲಿನಲ್ಲಿ ಆಗುವುದೂ ಇದೇ. ಸುಲಭವಾಗಿ ಮಡಿಕೆ ಎದ್ದರೆ ಲಿಪಿಡೀಮಾ ಇರಬಹುದು. ಬಾವಿನ ಶುರುವಿನಲ್ಲೂ ಮಡಿಕೆ ಏಳುವುದುಂಟು, ಹಾಗಾಗಿ ಇದೊಂದನ್ನೇ ನೆಚ್ಚಿಕೊಳ್ಳಬೇಡಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ಚಿವುಟುತ್ತ ಕೂರಬೇಡಿ: ರಕ್ತ ಹೆಪ್ಪುಗಟ್ಟಿರಬಹುದು, ಆಗಲೇ ಆಸ್ಪತ್ರೆಗೆ ಹೋಗಬೇಕು.

ಇನ್ನು ಶುಗರ್ ವಿಷಯ. 156 ಸೆಂ.ಮೀ. ಎತ್ತರ, 78 ಕೆ.ಜಿ. ತೂಕದವರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಂಕಿ) 32. ನಮ್ಮಲ್ಲಿ 25 ದಾಟಿದರೇ ಬೊಜ್ಜು. ಆದರೆ ಇವರ ಸೊಂಟ 76 ಸೆಂ.ಮೀ. ಇದ್ದರೆ, ಎತ್ತರದಿಂದ ಭಾಗಿಸಿದಾಗ 0.49 ಬರುತ್ತದೆ, ಅಪಾಯದ ಗೆರೆಯಾದ 0.5ರ ಒಳಗೇ ಇದೆ. ಅದೇ ಎತ್ತರ ತೂಕಕ್ಕೆ ಸೊಂಟ 92 ಇದ್ದರೆ 0.59, ಕಥೆಯೇ ಬೇರೆ. ತೊಡೆಯ ಚರ್ಮದಡಿಯ ಕೊಬ್ಬು ಕೊಬ್ಬಿನಾಮ್ಲಗಳನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಹೊಟ್ಟೆಯೊಳಗಿನದು ಅವನ್ನು ಲಿವರಿನತ್ತ ಹರಿಯಬಿಡುತ್ತದೆ, ಇನ್ಸುಲಿನ್ನಿನ ಕೆಲಸ ಕೆಡುತ್ತದೆ. ಹಾಗೆಂದು ಲಿಪಿಡೀಮಾ ಇದ್ದವರಿಗೆ ಶುಗರ್ ಬರುವುದೇ ಇಲ್ಲ ಎಂದುಕೊಳ್ಳಬೇಡಿ. ಕಾಲುನೋವಿಗೆ ನಡಿಗೆ ನಿಂತರೆ ಹೊಟ್ಟೆಯೂ ಬೆಳೆಯುತ್ತದೆ.

ಸೀರೆ ಕಟ್ಟುವ ಜಾಗದಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುಮಧ್ಯೆ, ಬರಿ ಮೈಮೇಲೆ, ಉಸಿರು ಬಿಟ್ಟ ಮೇಲೆ ಟೇಪು ಹಿಡಿಯಿರಿ. ಹೆಂಗಸರಿಗೆ 80 ಸೆಂ.ಮೀ. ಮಿತಿ. ಕಾಲನ್ನು ಬೆಳಿಗ್ಗೆ, ನೆಲದಿಂದ 10, 20, 30 ಸೆಂ.ಮೀ. ಎತ್ತರದಲ್ಲಿ ಅಳೆದು ಬೇರೆಯಾಗಿ ಬರೆದಿಡಿ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಶೇ. 5.7 ದಾಟಿದರೆ ಎಚ್ಚರ. ಆದರೆ ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದರೆ ಆ ಅಂಕಿ ಸುಳ್ಳೇ ಏರಿರುತ್ತದೆ. ಹಿಮೋಗ್ಲೋಬಿನ್ ಮತ್ತು ಖಾಲಿಹೊಟ್ಟೆಯ ಶುಗರ್ ಜೊತೆಗೇ ನೋಡಿಸಿ.

ಉಪವಾಸ ಬಿದ್ದರೆ ಮುಖ, ಎದೆ, ಸೊಂಟ ಇಳಿಯುತ್ತವೆ, ಕಾಲು ಹೆಚ್ಚೇನೂ ಜಗ್ಗುವುದಿಲ್ಲ. ಸೊಂಟ ಇಳಿದದ್ದೇ ಲಾಭ, ಅದನ್ನು ಸೋಲೆಂದು ಎಣಿಸಬೇಡಿ. ನೀರು ಇಳಿಸುವ ಮಾತ್ರೆ ಇಲ್ಲಿ ದಂಡ, ತುಂಬಿರುವುದು ಕೊಬ್ಬು. ಒತ್ತು ಕಾಲುಚೀಲ ನೋವು ತಗ್ಗಿಸುತ್ತದೆ, ಕೊಬ್ಬು ಕರಗಿಸುವುದಿಲ್ಲ. ಕಾಲಿನ ರಕ್ತನಾಳಗಳಲ್ಲಿ ಹರಿವು ಸರಿಯಿದೆಯೇ ಎಂದು ತಪಾಸಣೆ ಆಗದೆ ಹಾಕಬಾರದು. ಈಜು ಬಾರದವರೂ ಎದೆಮಟ್ಟದ ನೀರಿನಲ್ಲಿ ನಡೆಯಬಹುದು. ಒಂದು ಮೀಟರ್ ಆಳದಲ್ಲಿ ನೀರೇ ಸುಮಾರು 74 ಮಿ.ಮೀ. ಪಾದರಸದಷ್ಟು ಒತ್ತುತ್ತದೆ, ಮಂಡಿಗೂ ಭಾರ ಕಡಿಮೆ.